ಸೋರುವ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಮದ್ದಲ್ಲ

ಮಗುವಿಗೆ ಜ್ವರ ಬಂದರೆ ನಮ್ಮ ಮನೆಗಳಲ್ಲಿ ಅದೇ ರಾತ್ರಿ ಆಸ್ಪತ್ರೆಗೆ ಓಡುತ್ತಾರೆ. ಕಣ್ಣು ಕೆಂಪಾದರೆ ಮರುದಿನ ಬೆಳಿಗ್ಗೆ ಹೊರಡುತ್ತಾರೆ. ಕಿವಿ ಸೋರಿದರೆ ಮಾತ್ರ ಯಾರೂ ಹೊರಡುವುದಿಲ್ಲ. ಶೀತಕ್ಕೆ ಸೋರುತ್ತದೆ, ದೊಡ್ಡವನಾದ ಮೇಲೆ ತಾನೇ ನಿಲ್ಲುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಬೆಳ್ಳುಳ್ಳಿ ಎಸಳು ಹಾಕಿ ಕಾಯಿಸಿದ ಎಣ್ಣೆಯ ಎರಡು ಹನಿ ಒಳಗೆ ಬೀಳುತ್ತದೆ, ಮೇಲೊಂದು ಹತ್ತಿಯ ಉಂಡೆ. ನಾಲ್ಕು ದಿನ ನಿಲ್ಲುತ್ತದೆ, ಮುಂದಿನ ನೆಗಡಿಗೆ ಮತ್ತೆ ಸೋರುತ್ತದೆ. ಹೀಗೆ ಐದು, ಹತ್ತು ವರ್ಷ ಕಳೆದುಹೋಗುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಇದು ಯಾವುದೋ ಒಂದು ಸಮುದಾಯದ ರೂಢಿಯೇನಲ್ಲ, ಎಲ್ಲರ ಮನೆಯಲ್ಲೂ ಇದೆ. ಆದರೆ ಈ ಪತ್ರಿಕೆಯ ಓದುಗರು ಹಕೀಮರ ಮಾತಿಗೆ ಬೆಲೆ ಕೊಡುವವರು. ಆದ್ದರಿಂದ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಸೋರುವ ಕಿವಿಗೆ ಯಾವ ಎಣ್ಣೆಯನ್ನೂ ಬಿಡಬೇಡಿ. ನಮ್ಮ ಅಂಗಡಿಯ ರೋಗನ್‌ಗಳನ್ನೂ ಬಿಡಬೇಡಿ. ಕಾರಣ ತಿಳಿಯಬೇಕಾದರೆ ಕಿವಿಯ ಸುತ್ತ ಇರುವ ಮೂಳೆಯ ಪರಿಚಯ ಬೇಕು.

ನಿಮ್ಮ ಕೈಬೆರಳನ್ನು ಕಿವಿಯ ಹಿಂದೆ ಇಟ್ಟು ನೋಡಿ. ಒಂದು ಗಟ್ಟಿ ಉಬ್ಬು ಸಿಗುತ್ತದೆ. ಈಗ ಬೆರಳನ್ನು ಕಿವಿಯ ಮುಂದೆ ತಂದು ಬಾಯಿ ತೆರೆದು ಮುಚ್ಚಿ. ದವಡೆಯ ಕೀಲು ಆಡುವುದು ತಿಳಿಯುತ್ತದೆ. ಈ ಹಿಂದಿನ ಉಬ್ಬು, ಮುಂದಿನ ಕೀಲಿನ ಗುಳಿ, ಮೇಲೆ ಕಣತಲೆಯ ಚಪ್ಪಟೆ ಭಾಗ, ಮಧ್ಯದಲ್ಲಿರುವ ಕಿವಿಯ ದಾರಿ ಎಲ್ಲವೂ ಸೇರಿ ಒಂದೇ ಮೂಳೆ. ಇಂಗ್ಲಿಷ್ ವೈದ್ಯದಲ್ಲಿ ಟೆಂಪೊರಲ್ ಬೋನ್, ಆಯುರ್ವೇದದವರಿಗೆ ಶಂಖಾಸ್ಥಿ, ನಮ್ಮ ತಶ್ರೀಹ್ ಪಾಠದಲ್ಲಿ ಅಝ್ಮೆ ಸುದ್ಗಿ. ತಲೆಯ ಎಡಕ್ಕೊಂದು, ಬಲಕ್ಕೊಂದು. ಬಿ.ಯು.ಎಂ.ಎಸ್. ಮೊದಲ ವರ್ಷದಲ್ಲಿ ತಲೆಬುರುಡೆ ಕೈಗೆ ಕೊಟ್ಟಾಗ ಹುಡುಗರು ಅತಿ ಹೆಚ್ಚು ಬೈದುಕೊಳ್ಳುವ ಮೂಳೆ ಇದೇ. ಉಳಿದ ಮೂಳೆಗಳಿಗೆ ಒಂದು ಆಕಾರವಿದೆ, ಇದಕ್ಕೆ ಆಕಾರವೇ ಇಲ್ಲ, ಬರೀ ರಂಧ್ರ, ಸುರಂಗ, ಗುಳಿ, ಮುಳ್ಳು.

ಈ ಮೂಳೆಯ ಒಳಭಾಗ, ಅಂದರೆ ಮೆದುಳಿನ ಬುಡಕ್ಕೆ ಚಾಚಿಕೊಂಡಿರುವ ಭಾಗ, ನಮ್ಮ ದೇಹದಲ್ಲೇ ಅತ್ಯಂತ ಸಾಂದ್ರವಾದ ಮೂಳೆಗಳಲ್ಲಿ ಒಂದು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ತಲೆಬುರುಡೆಯನ್ನು ವಿವರಿಸುವಾಗ ಕಿವಿಗಳಿರುವ ಎರಡು ಪಕ್ಕದ ಗೋಡೆಗಳನ್ನು ಅವುಗಳ ಗಡಸುತನದ ಕಾರಣಕ್ಕೆ ‘ಹಜರಿ’, ಅಂದರೆ ಕಲ್ಲಿನಂಥವು ಎಂದು ಕರೆಯುತ್ತಾರೆಂದು ಬರೆದಿದ್ದಾರೆ. ಇಂದಿನ ವೈದ್ಯರು ಪೆಟ್ರಸ್ ಎನ್ನುವುದೂ ಅದೇ ಅರ್ಥದಲ್ಲಿ, ಕಲ್ಲು ಎಂದೇ. ಸಾವಿರಾರು ವರ್ಷ ಹಳೆಯ ಅಸ್ಥಿಪಂಜರದಿಂದ ಡಿ.ಎನ್.ಎ. ತೆಗೆಯುವ ವಿಜ್ಞಾನಿಗಳು ಈಗ ಮೊದಲು ಹುಡುಕುವುದು ಈ ಕಲ್ಲುಮೂಳೆಯನ್ನೇ. ಬೇರೆಲ್ಲ ಮಣ್ಣಾದ ಮೇಲೂ ಇದರೊಳಗೆ ಏನಾದರೂ ಉಳಿದಿರುತ್ತದೆ. ಕರಿಕಲ್ಲಿಗೆ ಹೆಸರಾದ ಚಾಮರಾಜನಗರದವರಿಗೆ ಕಲ್ಲಿನ ಬೆಲೆ ಹೇಳಬೇಕಾಗಿಲ್ಲ. ಅಲ್ಲಾಹನು ನಮ್ಮ ತಲೆಯೊಳಗೂ ಎರಡು ತುಂಡು ಕಲ್ಲು ಇಟ್ಟಿದ್ದಾನೆ. ಅದರ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಕೇಳುವ ಅಂಗವನ್ನೂ, ನಡೆಯುವಾಗ ಬೀಳದಂತೆ ಕಾಯುವ ಮೂರು ಅರೆಸುತ್ತಿನ ನಾಳಗಳನ್ನೂ ಭದ್ರ ಮಾಡಿದ್ದಾನೆ.

ಇಷ್ಟು ಗಟ್ಟಿ ಮೂಳೆ ಇರುವಾಗ ಹೆದರುವುದೇಕೆ ಎಂದು ಕೇಳಬಹುದು. ಇಡೀ ಮೂಳೆ ಕಲ್ಲಲ್ಲ. ಕಲ್ಲಿನ ಪಕ್ಕದಲ್ಲೇ ಕಾಗದದಷ್ಟು ತೆಳುವಾದ ಗೋಡೆಗಳಿವೆ, ಟೊಳ್ಳು ಕೋಣೆಗಳಿವೆ.

ಕಿವಿಯ ದಾರಿ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಹೊರಗಿನ ಮೂರನೇ ಒಂದು ಭಾಗ ಮೆತ್ತನೆಯ ಮೃದ್ವಸ್ಥಿ, ಒಳಗಿನ ಮೂರನೇ ಎರಡು ಭಾಗ ಮೂಳೆ. ಗುಗ್ಗೆ ಹುಟ್ಟುವುದು ಹೊರಭಾಗದಲ್ಲಿ ಮಾತ್ರ. ಒಳಗಿನ ಮೂಳೆಯ ಭಾಗದಲ್ಲಿ ಚರ್ಮ ತೀರ ತೆಳು, ನೇರವಾಗಿ ಮೂಳೆಗೆ ಅಂಟಿಕೊಂಡಿದೆ. ಅದಕ್ಕೇ ಪಿನ್ನು, ಬೆಂಕಿಕಡ್ಡಿ ಒಳಕ್ಕೆ ತಾಗಿದರೆ ಪ್ರಾಣ ಹೋದಂತೆ ನೋಯುತ್ತದೆ. ಸಂತೆಯಲ್ಲಿ ಕೂತು ಉದ್ದದ ಕಡ್ಡಿಯಿಂದ ಗುಗ್ಗೆ ತೆಗೆಯುವವರ ಬಳಿ ಕಿವಿ ಒಡ್ಡಿ ಕೂರುವ ನಮ್ಮ ಗಂಡಸರು ಇದನ್ನು ನೆನಪಿಡಬೇಕು. ಆ ದಾರಿಯ ಕೊನೆಯಲ್ಲಿ ಒಂದು ಸೆಂಟಿಮೀಟರ್‌ಗೂ ಕಡಿಮೆ ಅಗಲದ ಕಿವಿಯ ತಮಟೆ. ತಮಟೆಯ ಆಚೆ ಒಂದು ಪುಟ್ಟ ಗಾಳಿಯ ಕೋಣೆ, ನಡುಗಿವಿ. ಅಲ್ಲಿ ಶಾಲೆಯ ಪುಸ್ತಕದಲ್ಲಿ ಓದಿದ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು. ರಿಕಾಪಿನ ಉದ್ದ ಸುಮಾರು ಮೂರು ಮಿಲಿಮೀಟರ್, ದೇಹದ ಅತಿ ಚಿಕ್ಕ ಮೂಳೆ. ಇವು ಹುಟ್ಟುವಾಗಲೇ ಪೂರ್ಣ ಗಾತ್ರದಲ್ಲಿರುತ್ತವೆ, ಮುಂದೆ ಬೆಳೆಯುವುದಿಲ್ಲ. ಹುಟ್ಟಿದ ಮಗುವಿನ ಬಲಗಿವಿಯಲ್ಲಿ ಅಝಾನ್ ಹೇಳುವಾಗ ಆ ದನಿಯನ್ನು ಒಳಗೆ ಮುಟ್ಟಿಸುವ ಮೂರು ಮೂಳೆಗಳು ಅಜ್ಜನ ಕಿವಿಯಲ್ಲಿರುವಷ್ಟೇ ದೊಡ್ಡವು.

ಈ ಕೋಣೆಯ ಸುತ್ತ ಏನೇನಿದೆ ಎಂಬುದೇ ಈ ಲೇಖನದ ತಿರುಳು. ಮೇಲಿನ ಛಾವಣಿ ಒಂದು ತೆಳು ಮೂಳೆಯ ಹಾಳೆ, ಅದರ ಮೇಲೆ ಮೆದುಳು ಕೂತಿದೆ. ಹಿಂದೆ, ನೀವು ಬೆರಳಿಟ್ಟು ನೋಡಿದ ಉಬ್ಬಿನ ಒಳಗೆ, ಜೇನುಗೂಡಿನಂಥ ಗಾಳಿಯ ಗೂಡುಗಳು, ನಡುಗಿವಿಗೆ ನೇರವಾಗಿ ತೆರೆದುಕೊಂಡಿವೆ. ಆ ಗೂಡುಗಳ ಹಿಂದೆಯೇ ಮೆದುಳಿನಿಂದ ರಕ್ತ ಇಳಿಸಿ ತರುವ ದೊಡ್ಡ ರಕ್ತನಾಳ. ಕೋಣೆಯ ಗೋಡೆಯಲ್ಲೇ ಒಂದು ಸಣ್ಣ ಮೂಳೆಯ ಕೊಳವೆಯಲ್ಲಿ ಮುಖದ ನರ ಹಾದುಹೋಗುತ್ತದೆ, ನಾವು ನಗುವುದು, ಕಣ್ಣು ಮುಚ್ಚುವುದು ಅದರಿಂದ. ಮುಂದೆ ಗಂಟಲಿಗೆ ಇಳಿಯುವ ಯೂಸ್ಟೇಶಿಯನ್ ನಾಳ. ಮಕ್ಕಳಲ್ಲಿ ಆ ನಾಳ ಗಿಡ್ಡ, ಅಗಲ, ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿದಂತಿರುತ್ತದೆ. ಮೂಗು ಕಟ್ಟಿದಾಗ ಸೋಂಕು ಸುಲಭವಾಗಿ ಕಿವಿಗೆ ಹತ್ತುವುದು ಇದರಿಂದಲೇ. ಮಗುವನ್ನು ಅಂಗಾತ ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ ಎನ್ನುವುದೂ ಇದಕ್ಕೇ. ಹಾಲು ಕೊಡುವಾಗ ತಲೆ ಸ್ವಲ್ಪ ಮೇಲಿರಲಿ.

ಅಂದರೆ ಸೋರುವ ಕಿವಿ ಎಂದರೆ ತಮಟೆಯಲ್ಲಿ ತೂತಾಗಿ, ಮೆದುಳಿನಿಂದ ಒಂದು ಹಾಳೆಯಷ್ಟು ದೂರದಲ್ಲಿ ಕೀವು ಇದೆ ಎಂದು ಅರ್ಥ. ಆ ತೂತಿನ ಮೂಲಕ ನೀವು ಬಿಡುವ ಎಣ್ಣೆ ಚರ್ಮದ ಮೇಲೆ ಬೀಳುವುದಿಲ್ಲ, ಆ ಕೋಣೆಯೊಳಕ್ಕೆ ಇಳಿಯುತ್ತದೆ. ಎಣ್ಣೆಯ ಜೊತೆ ಬೆಳ್ಳುಳ್ಳಿಯ ಚೂರು, ಧೂಳು, ಬಟ್ಟಲಿನ ಕೊಳೆ. ಕೀವಿಗೆ ಬೇಕಾದದ್ದು ಒಣಗುವುದು, ನಾವು ಕೊಡುವುದು ತೇವ. ಎದೆಹಾಲು, ತುಂಬೆ ಸೊಪ್ಪಿನ ರಸ, ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಡ್ರಾಪ್ಸ್, ಎಲ್ಲಕ್ಕೂ ಇದೇ ಮಾತು. ಡ್ರಾಪ್ಸ್‌ಗಳಲ್ಲಿ ಕೆಲವು, ಉದಾಹರಣೆಗೆ ಜೆಂಟಾಮೈಸಿನ್, ತೂತಿನ ಮೂಲಕ ಒಳಗಿವಿಗೆ ತಲುಪಿದರೆ ಕೇಳುವ ಶಕ್ತಿಗೇ ಹಾನಿ ಮಾಡಬಲ್ಲವು. ಉಮ್ರಾದಿಂದ ತಂದ ಝಮ್ ಝಮ್ ನೀರನ್ನು ಬರಕತ್ತಿಗೆಂದು ಕಿವಿಗೆ ಬಿಡುವವರೂ ಇದ್ದಾರೆ. ಆ ನೀರನ್ನು ಮಗುವಿಗೆ ಕುಡಿಸಿ, ದುಆ ಮಾಡಿ. ತೂತಾದ ಕಿವಿಯೊಳಗೆ ಯಾವ ನೀರೂ ಹೋಗಬಾರದು.

ನಮ್ಮ ವೈದ್ಯಪದ್ಧತಿಯಲ್ಲಿ ಎಣ್ಣೆಗೆ ಜಾಗವೇ ಇಲ್ಲವೇ? ಇದೆ. ತಮಟೆ ಸರಿಯಾಗಿದ್ದು ಗುಗ್ಗೆ ಗಟ್ಟಿಯಾಗಿದ್ದರೆ ಬಾದಾಮಿ ಎಣ್ಣೆಯೋ ಆಲಿವ್ ಎಣ್ಣೆಯೋ ನಾಲ್ಕು ದಿನ ಬಿಟ್ಟರೆ ಮೆತ್ತಗಾಗುತ್ತದೆ, ಇದನ್ನು ಅಲೋಪತಿಯವರೂ ಒಪ್ಪುತ್ತಾರೆ. ಆದರೆ ತಮಟೆ ಸರಿಯಾಗಿದೆ ಎಂದು ಗೊತ್ತಾಗುವುದು ಹೇಗೆ? ಬೆಳಕು ಬಿಟ್ಟು ನೋಡಿದರೆ ಮಾತ್ರ. ನಾಡಿ ನೋಡಿ ತಮಟೆಯ ತೂತು ತಿಳಿಯುವುದಿಲ್ಲ. ನನ್ನ ಸಹವೃತ್ತಿಯವರಿಗೆ ಇದು ಸ್ವಲ್ಪ ಕಹಿ ಮಾತು, ಆದರೂ ಹೇಳುತ್ತೇನೆ. ಆಟೋಸ್ಕೋಪ್ ಎಂಬ ಸಣ್ಣ ಬೆಳಕಿನ ಉಪಕರಣ ಇಲ್ಲದ ದವಾಖಾನೆಯಲ್ಲಿ ಕಿವಿಗೆ ಔಷಧಿ ಕೊಡಬಾರದು. ಇದು ಪರಂಪರೆಗೆ ವಿರೋಧವಲ್ಲ. ಸುಮಾರು 1200ರ ಬರಗಾಲದ ನಂತರ ಈಜಿಪ್ಟಿನಲ್ಲಿ ಅಬ್ದುಲ್ ಲತೀಫ್ ಅಲ್ ಬಗ್ದಾದಿ ರಾಶಿ ಬಿದ್ದ ಎಲುಬುಗಳನ್ನು ತಾವೇ ಪರೀಕ್ಷಿಸಿ, ಕೆಳದವಡೆ ಎರಡು ಮೂಳೆಗಳಿಂದಾಗಿದೆ ಎಂಬ ಜಾಲೀನೂಸನ ಮಾತು ಸರಿಯಲ್ಲ, ಅದು ಒಂದೇ ಮೂಳೆ ಎಂದು ಬರೆದರು. ಜಾಲೀನೂಸ್, ಅಂದರೆ ಗ್ಯಾಲೆನ್, ನಮ್ಮ ಪದ್ಧತಿಯ ಗುರುಗಳ ಗುರು. ಅವನ ಮಾತನ್ನೇ ಕಣ್ಣಿನಿಂದ ನೋಡಿ ತಿದ್ದಿದವರ ವಾರಸುದಾರರು ನಾವು. ಕಿವಿಯೊಳಗೆ ನೋಡದೆ ರೋಗನ್ ಬರೆದುಕೊಡುವುದು ಯಾವ ಪರಂಪರೆ?

ಅಂದಲೂಸಿನ ಅಝ್ಝಹ್ರಾವಿ ‘ಕಿತಾಬುತ್ತಸ್ರೀಫ್’ನ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಕಿವಿಯೊಳಗೆ ಬಿದ್ದ ವಸ್ತುಗಳ ಬಗ್ಗೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾರೆ. ಕಲ್ಲು ಬಿದ್ದರೆ ಬೇರೆ ಉಪಾಯ, ಕಾಳು ಬಿದ್ದರೆ ಬೇರೆ. ಕಾಳು ತೇವದಿಂದ ಉಬ್ಬುತ್ತದೆಂದು ಸಾವಿರ ವರ್ಷದ ಹಿಂದೆಯೇ ಅವರಿಗೆ ಗೊತ್ತಿತ್ತು. ನಮ್ಮ ಕಡೆ ಹುರುಳಿ, ಕಡಲೆ, ಮೆಕ್ಕೆಜೋಳ ಇಲ್ಲದ ಮನೆಯಿಲ್ಲ, ಕಾಳನ್ನು ಕಿವಿಗೆ ತುರುಕಿಕೊಳ್ಳದ ಮಕ್ಕಳೂ ಕಡಿಮೆ. ನೀರು ಬಿಟ್ಟು ಹೊರಗೆ ತೆಗೆಯಲು ಹೋಗುವ ತಾಯಂದಿರೇ, ಹುರುಳಿ ಒಳಗೆ ನೆನೆದು ಮೂಳೆಯ ಗೋಡೆಗೆ ಬಿಗಿಯಾಗಿ ಕೂರುತ್ತದೆ. ಕೈ ಹಾಕದೆ ಆಸ್ಪತ್ರೆಗೆ ತನ್ನಿ.

ಈಗ ಸೋರುವಿಕೆಗೆ ಬರೋಣ. ಇದರಲ್ಲಿ ಎರಡು ಬಗೆಯಿದೆ, ಮತ್ತು ನಮ್ಮ ಜನರ ಅಂದಾಜು ಇಲ್ಲಿ ತಲೆಕೆಳಗಾಗಿದೆ. ನೆಗಡಿ ಬಂದಾಗಲೆಲ್ಲ ಧಾರಾಳವಾಗಿ, ಲೋಳೆಯಂತೆ, ವಾಸನೆಯಿಲ್ಲದೆ ಸೋರುವ ಕಿವಿಯನ್ನು ಕಂಡು ಮನೆಯವರು ಹೆದರುತ್ತಾರೆ. ತೊಟ್ಟು ತೊಟ್ಟಾಗಿ, ದಿಂಬಿಗೆ ಒಂದು ಕಲೆಯಾಗುವಷ್ಟು ಮಾತ್ರ ಸೋರುವುದನ್ನು ಕಂಡು ಸಮಾಧಾನಪಡುತ್ತಾರೆ. ಆ ಕಡಿಮೆ ಸೋರುವ ಕಿವಿಗೆ ಕೊಳೆತ ವಾಸನೆ ಇದ್ದರೆ, ಆಗಾಗ ರಕ್ತದ ಎಳೆ ಕಂಡರೆ, ಅದೇ ಹೆಚ್ಚು ಅಪಾಯದ ಕಿವಿ. ಅಲ್ಲಿ ಚರ್ಮ ಇರಬಾರದ ಜಾಗದಲ್ಲಿ ಬೆಳೆದು ಗಂಟಾಗಿರುವ ಸಾಧ್ಯತೆ ಇದೆ. ವೈದ್ಯರು ಅದನ್ನು ಕೊಲೆಸ್ಟಿಯಟೋಮಾ ಎನ್ನುತ್ತಾರೆ. ಕ್ಯಾನ್ಸರ್ ಅಲ್ಲ. ಆದರೆ ಗೆದ್ದಲು ತೊಲೆಯನ್ನು ತಿನ್ನುವ ಹಾಗೆ ಸದ್ದಿಲ್ಲದೆ ಸುತ್ತಲಿನ ಮೂಳೆಯನ್ನು ತಿನ್ನುತ್ತದೆ. ಮೊದಲು ಆ ಮೂರು ಸಣ್ಣ ಮೂಳೆಗಳು ಸವೆಯುತ್ತವೆ, ಕೇಳುವುದು ಕಡಿಮೆಯಾಗುತ್ತದೆ. ಸಮತೋಲದ ನಾಳದ ಗೋಡೆ ತೂತಾದರೆ ತಲೆ ಸುತ್ತುತ್ತದೆ. ಮುಖದ ನರದ ಕೊಳವೆ ಸವೆದರೆ ಬಾಯಿ ಸೊಟ್ಟಗಾಗುತ್ತದೆ. ಛಾವಣಿ ಕುಸಿದರೆ ಮೆದುಳಿನ ಪೊರೆಗೆ ಸೋಂಕು, ಮೆದುಳಿನಲ್ಲಿ ಕೀವಿನ ಗಡ್ಡೆ. ಹಿಂದಿನ ಗೋಡೆ ಹೋದರೆ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದಕ್ಕೆ ಮಾತ್ರೆಯಿಲ್ಲ, ಜೋಶಾಂದಾ ಇಲ್ಲ, ಮಾಜೂನ್ ಇಲ್ಲ. ಕಿವಿಯ ಹಿಂದೆ ಮೂಳೆ ಕೊರೆದು ಆ ಗಂಟನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಯೇ ದಾರಿ. ಅದು ನನ್ನ ಕೆಲಸವಲ್ಲ, ಕಿವಿ-ಮೂಗು-ಗಂಟಲು ತಜ್ಞರ ಕೆಲಸ.

ಬಾಯಿ ಸೊಟ್ಟಗಾಗುವುದಕ್ಕೆ ನಾವು ಲಖ್ವಾ ಎನ್ನುತ್ತೇವೆ. ಲಖ್ವಾ ಎಂದರೆ ಜನ ಮೊದಲು ಬರುವುದು ಹಕೀಮರ ಬಳಿಗೇ. ಗಾಳಿ ಬಡಿದಿದೆ, ಮಾಲಿಶ್ ಮಾಡಿ ಎನ್ನುತ್ತಾರೆ. ಯಾವ ಕಾರಣವೂ ಸಿಗದ ಲಖ್ವಾಗಳೇ ಬಹಳ, ಅವುಗಳಲ್ಲಿ ಹೆಚ್ಚಿನವು ವಾಸಿಯಾಗುತ್ತವೆ, ಮೊದಲ ಮೂರು ದಿನದೊಳಗೆ ಸರಿಯಾದ ಮಾತ್ರೆ ಶುರುವಾದರೆ ಇನ್ನೂ ಚೆನ್ನಾಗಿ. ಆದರೆ ಲಖ್ವಾ ಆದ ಬದಿಯ ಕಿವಿ ಸೋರುತ್ತಿದ್ದರೆ ಲೆಕ್ಕವೇ ಬೇರೆ. ಅದು ಮುಖದ ಕಾಯಿಲೆಯಲ್ಲ, ಮೂಳೆಯ ಕಾಯಿಲೆ. ಮಾಲಿಶ್‌ಗೆ ಕಳೆಯುವ ಪ್ರತಿ ದಿನವೂ ನರದ ನಷ್ಟ. ಆ ರೋಗಿಯನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸದ ಹಕೀಮರು ಉಪಕಾರ ಮಾಡುತ್ತಿಲ್ಲ.

ಇನ್ನೊಂದು ಗೊಂದಲ, ಊತದ್ದು. ಮಗುವಿನ ಕಿವಿಯ ಬಳಿ ಊದಿಕೊಂಡರೆ ನಮ್ಮಲ್ಲಿ ಎಲ್ಲವೂ ಮಂಗನಬಾವು. ಅರಿಶಿನ ಹಚ್ಚಿ, ದಮ್ ಮಾಡಿಸಿ, ತಾವೀಝ್ ಕಟ್ಟಿ ಕಾಯುತ್ತಾರೆ. ಮಂಗನಬಾವಿನ ಊತ ಕಿವಿಯ ಮುಂದೆ ಮತ್ತು ಕೆಳಗೆ ಇರುತ್ತದೆ, ಹಾಲೆಯನ್ನು ಮೇಲಕ್ಕೆ ಎತ್ತುತ್ತದೆ. ಕಿವಿಯ ಹಿಂದಿನ ಉಬ್ಬುಮೂಳೆಯೇ ಊದಿ, ಕೆಂಪಾಗಿ, ಮುಟ್ಟಿದರೆ ಮಗು ಚೀರಿ, ಕಿವಿ ಮುಂದಕ್ಕೂ ಕೆಳಕ್ಕೂ ಬಾಗಿದ್ದರೆ ಅದು ಮೂಳೆಯ ಗೂಡುಗಳಲ್ಲಿ ಕೀವು ತುಂಬಿರುವ ಲಕ್ಷಣ. ಜ್ವರ, ವಾಂತಿ, ವಿಪರೀತ ತಲೆನೋವು, ಮಂಪರು ಜೊತೆಗಿದ್ದರೆ ಬೆಳಗಾಗುವುದನ್ನು ಕಾಯಬೇಡಿ. ಪೆನಿಸಿಲಿನ್ ಬರುವ ಮೊದಲು ಲೋಕದಲ್ಲೆಲ್ಲ ಮಕ್ಕಳು ಇದರಿಂದ ಸಾಯುತ್ತಿದ್ದರು. ಇಂದು ಸಾಯಬೇಕಾಗಿಲ್ಲ.

ಮದ್ರಸಗಳ ಉಸ್ತಾದರಿಗೂ, ಶಾಲೆಯ ಶಿಕ್ಷಕರಿಗೂ ಒಂದು ಮಾತು. ಹಿಫ್ಝ್ ಓದುತ್ತಿದ್ದ ಒಂಬತ್ತು ವರ್ಷದ ಹುಡುಗನನ್ನು ಒಮ್ಮೆ ನನ್ನ ಬಳಿ ತಂದಿದ್ದರು, ಕಿವಿಗಲ್ಲ, ನೆನಪಿನ ಶಕ್ತಿಗೆ ಖಮೀರಾ ಕೊಡಿ ಎಂದು. ಪಾಠ ಹೇಳಿಕೊಟ್ಟದ್ದನ್ನು ತಪ್ಪು ತಪ್ಪಾಗಿ ಹೇಳುತ್ತಾನೆ, ಸೀನ್ ಮತ್ತು ಶೀನ್ ಗೊಂದಲ ಮಾಡುತ್ತಾನೆ, ಗಮನವಿಲ್ಲ ಎಂದು ದೂರು. ಎರಡೂ ಕಿವಿಯಲ್ಲಿ ಹತ್ತಿ ಇತ್ತು. ತೆಗೆದು ನೋಡಿದರೆ ಎರಡೂ ತಮಟೆ ತೂತು. ಮೂರು ವರ್ಷದವನಿದ್ದಾಗಿನಿಂದ ಸೋರುತ್ತಿದೆಯಂತೆ. ಅವನ ನೆನಪಿನಲ್ಲಿ ಯಾವ ದೋಷವೂ ಇರಲಿಲ್ಲ, ಅಕ್ಷರ ಅವನ ಒಳಗಿವಿಯನ್ನು ತಲುಪುತ್ತಲೇ ಇರಲಿಲ್ಲ. ತಜವೀದ್‌ನ ಸೂಕ್ಷ್ಮ ಕಿವಿಯಿಂದ ಬರುವಂಥದ್ದು. ಹಿಂದಿನ ಸಾಲಿನಲ್ಲಿ ಕೂರಿಸಿದ ‘ದಡ್ಡ’ ಮಗುವನ್ನು ಮುಂದಕ್ಕೆ ಕರೆದು, ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ ಎಂದು ತಂದೆಗೆ ಹೇಳುವುದಕ್ಕೆ ಉಸ್ತಾದರಿಗಿಂತ ಒಳ್ಳೆಯ ಬಾಯಿ ಊರಿನಲ್ಲಿಲ್ಲ.

ಕಪಾಳಕ್ಕೆ ಹೊಡೆಯುವುದನ್ನಂತೂ ನಿಲ್ಲಿಸಲೇಬೇಕು. ಅಂಗೈ ಕಿವಿಯ ಮೇಲೆ ಬಿದ್ದಾಗ ದಾರಿಯೊಳಗಿನ ಗಾಳಿ ಒತ್ತಿ ತಮಟೆ ಹರಿಯುತ್ತದೆ. ಮುಖಕ್ಕೆ ಹೊಡೆಯುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮಗುವಿನ ಕೆನ್ನೆ ಕೆಂಪಾಗುತ್ತದೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಬೇಸರದ್ದು. ಹುಡುಗನ ಕಿವಿ ಸೋರಿದರೆ ಎಣ್ಣೆ, ಹುಡುಗಿಯದು ಸೋರಿದರೆ ಎಣ್ಣೆ ಮತ್ತು ಗುಟ್ಟು. ಆಸ್ಪತ್ರೆಗೆ ಹೋದರೆ ಸುದ್ದಿಯಾಗುತ್ತದೆ, ಸಂಬಂಧ ಬರುವುದಿಲ್ಲ ಎಂದು ದುಪಟ್ಟಾದ ಕೆಳಗೆ ಹತ್ತಿ ಇಟ್ಟುಕೊಂಡೇ ಬೆಳೆಯುತ್ತಾಳೆ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಕರೆದರೆ ಓ ಎನ್ನುವುದಿಲ್ಲ, ಅಹಂಕಾರ ಎಂಬ ಮಾತು. ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಬಳಸುವುದು ಕಿವಿಯ ಮೇಲ್ಭಾಗದ ಸ್ನಾಯುವಿನ ಮೇಲಿನ ತೆಳು ಪೊರೆಯನ್ನೇ. ಗಾಯದ ಗೆರೆ ಕಿವಿಯ ಹಿಂದೆ, ಕೂದಲ ಮರೆಯಲ್ಲಿ. ಯಾರಿಗೂ ಕಾಣುವುದಿಲ್ಲ. ಮುಚ್ಚಿಡಬೇಕಾದ ವಿಷಯ ಇದರಲ್ಲಿ ಏನಿದೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಎಲ್ಲಿಗೆ ಹೋಗುವುದು? ನಾವು ಈ ವಿಷಯದಲ್ಲಿ ನಿಜಕ್ಕೂ ಅದೃಷ್ಟವಂತರು. ಚಾಮರಾಜನಗರದಲ್ಲೇ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜು, ಸಿಮ್ಸ್, ಇದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಅದಕ್ಕಿಂತ ಮುಖ್ಯವಾಗಿ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದ ಮಧ್ಯದಲ್ಲಿ ಆರಂಭವಾದ, ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ ಈ ಸಂಸ್ಥೆಗೆ ದೇಶದ ಬೇರೆ ಬೇರೆ ರಾಜ್ಯಗಳಿಂದ ಜನ ರೈಲು ಹತ್ತಿ ಬರುತ್ತಾರೆ. ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಅದು ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸು. ಬಟ್ಟೆ ಖರೀದಿಗೆ ಮೈಸೂರಿಗೆ ಹೋಗುವ ನಾವು ಕಿವಿಗಾಗಿ ಹೋಗುವುದಿಲ್ಲ. ಅಲ್ಲಿ ಎಷ್ಟು ಕೇಳುತ್ತದೆ ಎಂದು ಅಳೆಯುತ್ತಾರೆ, ಕಿವಿ-ಮೂಗು-ಗಂಟಲು ವೈದ್ಯರೂ ಇದ್ದಾರೆ, ಅರ್ಹ ಬಡವರಿಗೆ ಸರಕಾರದ ಯೋಜನೆಯಲ್ಲಿ ಶ್ರವಣ ಸಾಧನವೂ ಸಿಗುತ್ತದೆ. ಶಸ್ತ್ರಚಿಕಿತ್ಸೆ ಬೇಕೆಂದರೆ ಖರ್ಚಿಗೆ ಹೆದರಿ ಮನೆಗೆ ಬರಬೇಡಿ. ಬಿ.ಪಿ.ಎಲ್. ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ. ತಾಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಹೋದರೆ ಓಡಾಟ ಕಡಿಮೆ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಹೊರಗೆ ಬಂದ ಕೀವನ್ನು ಶುಭ್ರ ಹತ್ತಿಯ ಬತ್ತಿಯಿಂದ ಒರೆಸಿ, ಒಳಕ್ಕೆ ತಳ್ಳಬೇಡಿ, ಬತ್ತಿ ಒದ್ದೆಯಾದರೆ ಬದಲಿಸಿ. ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟು, ಮುಗಿದ ಕೂಡಲೇ ತೆಗೆಯಿರಿ. ಕೆರೆ, ಬಾವಿಯಲ್ಲಿ ಈಜು ಬೇಡ. ಮನೆಯೊಳಗೆ ಬೀಡಿ ಸೇದುವವರು ಹೊರಗೆ ಹೋಗಲಿ, ಹೊಗೆಯಿಂದ ಮಕ್ಕಳ ಮೂಗು, ನಾಳ ಎರಡೂ ಊದುತ್ತವೆ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಸರಕಾರ ಉಚಿತವಾಗಿ ಹಾಕುವ ನ್ಯುಮೊಕಾಕಲ್ ಲಸಿಕೆ ಕಿವಿಯ ಸೋಂಕನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ತಪ್ಪಿಸಬೇಡಿ. ವೈದ್ಯರು ಹನಿ ಬರೆದುಕೊಟ್ಟರೆ ದೊಡ್ಡವರ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಬಿಡಿ, ಚಿಕ್ಕ ಮಗುವಿನದನ್ನು ಕೆಳಕ್ಕೂ ಹಿಂದಕ್ಕೂ. ಕೂಸಿನಲ್ಲಿ ದಾರಿಯ ಮೂಳೆ ಇನ್ನೂ ಒಂದು ಅರೆ ಉಂಗುರವಷ್ಟೇ, ದಾರಿ ಬೇರೆ ಓರೆಯಲ್ಲಿದೆ. ಬೈಕಿನಿಂದ ಬಿದ್ದವರ ಕಿವಿಯಿಂದ ರಕ್ತವೋ ತಿಳಿನೀರೋ ಬಂದರೆ ಹತ್ತಿ ತುರುಕಬೇಡಿ, ಹನಿ ಬಿಡಬೇಡಿ. ಅದು ಇದೇ ಮೂಳೆ ಬಿರುಕು ಬಿಟ್ಟಿರುವ ಗುರುತಾಗಿರಬಹುದು. ಬಂಡೀಪುರದ ರಸ್ತೆಯಲ್ಲಿ ಹೆಲ್ಮೆಟ್ಟನ್ನು ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೋಗುವ ಹುಡುಗರಿಗೆ ಬೇರೇನೂ ಹೇಳುವುದಿಲ್ಲ.

ವುಝೂ ಬಗ್ಗೆ ಹಲವರು ಕೇಳುತ್ತಾರೆ. ಕಿವಿಯ ಮಸಹ್ ಎಂದರೆ ಒದ್ದೆ ಬೆರಳಿನಿಂದ ಸವರುವುದು, ದಾರಿಯೊಳಕ್ಕೆ ನೀರು ಬಿಡುವುದಲ್ಲ. ಹಾಗಾಗಿ ತೂತಾದ ಕಿವಿಯವರಿಗೆ ವುಝೂ ತೊಂದರೆಯಲ್ಲ, ಬೆರಳಲ್ಲಿ ನೀರು ತೊಟ್ಟಿಕ್ಕದಂತೆ ನೋಡಿಕೊಂಡರೆ ಸಾಕು. ರಮಝಾನಿನಲ್ಲಿ ಇನ್ನೊಂದು ಪ್ರಶ್ನೆ: ಕಿವಿಗೆ ಹನಿ ಬಿಟ್ಟರೆ ಉಪವಾಸ ಮುರಿಯುತ್ತದೆಯೇ? ಹನಫಿ ಫಿಕ್ಹ್‌ನ ಹಳೆಯ ಗ್ರಂಥಗಳಲ್ಲಿ ಕಿವಿಗೆ ಎಣ್ಣೆ ಬಿಟ್ಟರೆ ಮುರಿಯುತ್ತದೆ ಎಂದಿದೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಗಂಟಲಿಗೆ ಇಳಿದದ್ದನ್ನು ನುಂಗದಿದ್ದರೆ ಕಿವಿಯ ಹನಿಯಿಂದ ಉಪವಾಸ ಮುರಿಯದು ಎಂದಿತು. ತೀರ್ಪು ಹೇಳುವುದು ಉಲಮಾಗಳ ಕೆಲಸ. ಶರೀರದ ರಚನೆಯನ್ನಷ್ಟೇ ನಾನು ಹೇಳಬಲ್ಲೆ: ತಮಟೆ ಇಡಿಯಾಗಿದ್ದರೆ ಕಿವಿಯ ದಾರಿ ಅಲ್ಲಿಗೇ ಮುಚ್ಚಿದೆ, ಹನಿ ಗಂಟಲಿಗೆ ಹೋಗಲಾರದು. ತಮಟೆ ತೂತಾಗಿದ್ದರೆ ನಡುಗಿವಿಯಿಂದ ನಾಳದ ಮೂಲಕ ಗಂಟಲಿಗೆ ಇಳಿಯಬಹುದು, ಕಹಿ ರುಚಿ ಬಾಯಿಗೆ ಬರುವುದು ಅದಕ್ಕೇ. ನಿಮ್ಮ ಕಿವಿ ಇವೆರಡರಲ್ಲಿ ಯಾವುದು ಎಂದು ವೈದ್ಯರಿಂದ ತಿಳಿದು, ಆಮೇಲೆ ನಿಮ್ಮ ಆಲಿಮರನ್ನು ಕೇಳಿ. ದಿನಕ್ಕೆ ಎರಡು ಬಾರಿಯ ಹನಿಯಾದರೆ ಇಫ್ತಾರ್ ನಂತರ ಒಮ್ಮೆ, ಸಹರಿಗೆ ಒಮ್ಮೆ ಬಿಡಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿದರೆ ಪ್ರಶ್ನೆಯೇ ಉಳಿಯದು. ತಿಂಗಳಿಡೀ ಔಷಧಿ ಬಿಟ್ಟು ಈದ್ ಕಳೆದು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಶಸ್ತ್ರಚಿಕಿತ್ಸೆಯಾದವರ ಪ್ರಶ್ನೆ ಸಜ್ದಾದ ಬಗ್ಗೆ. ಹೊಸ ತಮಟೆ ಹಿಡಿದುಕೊಳ್ಳುವವರೆಗೆ ತಲೆ ತಗ್ಗಿಸುವುದು, ಜೋರಾಗಿ ಮೂಗು ಸೀಟುವುದು, ಭಾರ ಎತ್ತುವುದು ಬೇಡವೆನ್ನುತ್ತಾರೆ. ಅಷ್ಟು ದಿನ ಕೂತು ಸನ್ನೆಯಿಂದ ನಮಾಝ್ ಮಾಡಲು ರೋಗಿಗೆ ವಿನಾಯಿತಿಯಿದೆ, ಬ್ಯಾಂಡೇಜಿನ ಮೇಲೆ ಮಸಹ್‌ಗೂ ಅವಕಾಶವಿದೆ. ಎಷ್ಟು ದಿನ ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಶಸ್ತ್ರಚಿಕಿತ್ಸಕರಲ್ಲಿ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ.